ಒಂಟಿ ಗಾಲಿಯ ಗಿರಕಿ: ಕಾರಿಗೆ ಎಲ್‌ಎಸ್‌ಡಿ ಕೂಡಿಸುವ ಮುನ್ನ

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಮಾಲು ಹೊತ್ತು ಬರುವ ಟ್ರ್ಯಾಕ್ಟರುಗಳು ಮಳೆಗಾಲದಲ್ಲಿ ಬೈರಿದೇವರಕೊಪ್ಪದ ಸುತ್ತಲಿನ ರಸ್ತೆಗೆ ಎರೆಮಣ್ಣಿನ ಹೆಂಟೆ ಉದುರಿಸುತ್ತ ಹೋಗುತ್ತವೆ. ಹೊಲದಲ್ಲಿ ಆ ಟ್ರ್ಯಾಕ್ಟರಿನ ಹಿಂದಿನ ಒಂದು ಗಾಲಿ ಹೂತು ಗಿರಗಿರ ತಿರುಗತೊಡಗಿದರೆ ಡ್ರೈವರ್ ಗಾಬರಿಯಾಗುವುದಿಲ್ಲ. ಹಿಮ್ಮಡಿಯ ಹತ್ತಿರವಿರುವ ಚಿಕ್ಕ ಪೆಡಲನ್ನು ತುಳಿಯುತ್ತಾನೆ. ಎರಡೂ ಗಾಲಿ ಒಂದಾಗಿ ತಿರುಗಿ ಗಾಡಿ ಮೇಲೆ ಬರುತ್ತದೆ. ಡಿಫರೆನ್ಶಿಯಲ್ ಲಾಕ್ ಏನು ಮಾಡುತ್ತದೆ ಎಂದು ಧಾರವಾಡ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಲ್ಲಿಯೇ ಹಾದುಹೋಗುವ ಹಳೆಯ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆಯಲ್ಲಿ ಈಗ ಟರ್ಬೊ ಎಂಜಿನ್ನಿನ ಸಣ್ಣ ಕಾರುಗಳೂ ಓಡುತ್ತವೆ. ಎಂಜಿನ್ನಿನ ಕಂಪ್ಯೂಟರನ್ನು (ಇಸಿಯು) ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿಕೊಂಡ ಮಾಲೀಕರನ್ನು ಕಾಡುವುದು ಟ್ರ್ಯಾಕ್ಟರಿನ ತೊಂದರೆಯೇ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಳಬದಿಯ ಗಾಲಿ ಒಂಟಿಯಾಗಿ ಗಿರಕಿ ಹೊಡೆಯುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಇದಕ್ಕೆ ಮದ್ದು ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಅಂದರೆ ಎಲ್‌ಎಸ್‌ಡಿ. ಕಂಪನಿಯ ಮಾಮೂಲಿ ಡಿಫರೆನ್ಶಿಯಲ್ಲನ್ನು ಎಲ್‌ಎಸ್‌ಡಿಯಾಗಿ ಬದಲಿಸುವ ಕಿಟ್‌ಗಳು ಈಗ ಕೊರಿಯರ್‌ನಲ್ಲಿ ಮನೆಬಾಗಿಲಿಗೇ ಬರುತ್ತವೆ. ಹಾಗಾಗಿ ಪಾರ್ಟ್ ತರಿಸುವುದೇ ಕೆಲಸ, ಕೂಡಿಸುವುದು ಯಾವ ಗ್ಯಾರೇಜಿನಲ್ಲಾದರೂ ಆದೀತು ಎಂಬ ಭಾವನೆ ಬೆಳೆದಿದೆ. ಅದು ತಪ್ಪು. ಈ ಕೆಲಸದಲ್ಲಿ ಕಿಟ್‌ನ ಪಾಲು ಅರ್ಧವೂ ಇಲ್ಲ, ಅಳತೆಯ ಪಾಲೇ ಹೆಚ್ಚು. ಆ ಅಳತೆ ಬಲ್ಲ ಕೈಗಳು ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಇವೆ. ಆದರೆ ಕಾರು ಅಲಂಕರಿಸುವ ಅಂಗಡಿಗಳಲ್ಲಿ ಅವನ್ನು ಹುಡುಕಬೇಡಿ. ಲಾರಿ, ಟ್ರ್ಯಾಕ್ಟರುಗಳ ಡಿಫರೆನ್ಶಿಯಲ್ ತಿರುಗಿಸುವ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್-ಪಿನಿಯನ್, ಬಿಚ್ಚಿ ಕೂಡಿಸುವ ಗ್ಯಾರೇಜುಗಳಿಗೆ ಹೋಗಿ.

ಒಳಗೆ ಏನಾಗುತ್ತದೆ

ತಿರುವಿನಲ್ಲಿ ಹೊರಗಾಲಿ ಹೆಚ್ಚು ದೂರ ಓಡಬೇಕು, ಒಳಗಾಲಿ ಕಡಿಮೆ. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಟೈರು ನೆಲಕ್ಕೆ ಉಜ್ಜಿ ಗಾಡಿ ತಿರುಗಲು ಒಲ್ಲೆ ಎನ್ನುತ್ತದೆ. ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಎಂದೇ ಡಿಫರೆನ್ಶಿಯಲ್ ಇರುವುದು. ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದ. ಇಂದಿನ ಕಾರುಗಳಲ್ಲಿರುವ ಮೂಲ ತತ್ವವೂ ಅದೇ.

ವೇಗ ಬೇರೆ ಬೇರೆಯಾಗಲು ಬಿಡುವ ಈ ಯಂತ್ರ ಬಲವನ್ನು ಮಾತ್ರ ಎರಡೂ ಕಡೆ ಸಮನಾಗಿಯೇ ಹಂಚುತ್ತದೆ. ತೊಂದರೆ ಶುರುವಾಗುವುದು ಇಲ್ಲಿ. ನೊಗದ ಒಂದು ಎತ್ತು ಸೋತು ನಿಂತರೆ ಇನ್ನೊಂದರ ಕಸುವು ಗಾಡಿಗೆ ದಕ್ಕದು. ಡಿಫರೆನ್ಶಿಯಲ್ಲಿನಲ್ಲೂ ಸೋತ ಗಾಲಿ ತಾಳುವಷ್ಟು ಬಲವೇ ಗಟ್ಟಿ ಗಾಲಿಗೂ ಸಿಗುವುದು. ಅಂಕಿಯಲ್ಲಿ ನೋಡೋಣ. ಕೆಸರಿನ ಮೇಲಿನ ಗಾಲಿ 200 ನ್ಯೂಟನ್ ಮೀಟರ್ ತಾಳಬಲ್ಲದು, ಒಣ ಡಾಂಬರಿನ ಮೇಲಿನ ಗಾಲಿ 600 ತಾಳಬಲ್ಲದು ಎಂದುಕೊಳ್ಳಿ. ಮಾಮೂಲಿ ಡಿಫರೆನ್ಶಿಯಲ್‌ನಲ್ಲಿ ಎರಡಕ್ಕೂ 200ರಂತೆ ಒಟ್ಟು 400 ಮಾತ್ರ ನೆಲ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಕೆಸರಿನ ಗಾಲಿ ಗಿರಕಿ ಹೊಡೆಯುತ್ತದೆ, ಅಷ್ಟೆ.

ಎಲ್‌ಎಸ್‌ಡಿ ಈ ಸಮಪಾಲನ್ನು ಮುರಿಯುತ್ತದೆ. ಸೋತ ಗಾಲಿಯ ಎರಡೂವರೆ ಪಟ್ಟು ಬಲವನ್ನು ಗಟ್ಟಿ ಗಾಲಿಗೆ ಕಳಿಸಬಲ್ಲ ಎಲ್‌ಎಸ್‌ಡಿ ಇದ್ದರೆ ಅದೇ ಜಾಗದಲ್ಲಿ 200ರ ಜತೆ 500, ಒಟ್ಟು 700 ಸಿಗುತ್ತದೆ. ಈ ಎರಡೂವರೆ ಎಂಬ ಪಟ್ಟಿಗೆ ಟಾರ್ಕ್ ಬಯಾಸ್ ರೇಶಿಯೊ ಎನ್ನುತ್ತಾರೆ. ಕಿಟ್ ಕೊಳ್ಳುವಾಗ ಕೇಳಬೇಕಾದ ಮೊದಲ ಅಂಕಿ ಇದು.

ಓಟದ ಜಗತ್ತಿಗೆ ಇದು ಹೊಸದಲ್ಲ. 1930ರ ದಶಕದ ಆಟೊ ಯೂನಿಯನ್ ರೇಸ್ ಕಾರುಗಳು ಅತಿ ಶಕ್ತಿಯಿಂದ ಒಂಟಿ ಗಾಲಿ ತಿರುಗಿಸುತ್ತಿದ್ದಾಗ ಜರ್ಮನಿಯ ಜಡ್‌ಎಫ್ ಕಂಪನಿ ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಶಿಯಲ್ ಮಾಡಿಕೊಟ್ಟಿತು. 1956ರಲ್ಲಿ ಅಮೆರಿಕದ ಸ್ಟೂಡಿಬೇಕರ್-ಪ್ಯಾಕರ್ಡ್ ಅದನ್ನು ಸಾಮಾನ್ಯರು ಕೊಳ್ಳುವ ಕಾರುಗಳಿಗೂ ತಂದಿತು. ನಮ್ಮಲ್ಲಿ ಕಂಪನಿಯೇ ಕೂಡಿಸಿ ಕೊಟ್ಟ ಉದಾಹರಣೆಗಳು ಕೆಲವೇ. 2020ರಲ್ಲಿ 200 ಮಾತ್ರ ಮಾರಾಟಕ್ಕಿಟ್ಟ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಎಲ್‌ಎಸ್‌ಡಿ ಇತ್ತು. ಅದೇ ವರ್ಷ ಬಂದ ಹೊಸ ಮಹೀಂದ್ರಾ ಥಾರ್‌ನ ಮೇಲ್ದರ್ಜೆಯ ವೇರಿಯಂಟ್‌ನಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿಯೇ ಬೀಳುವ ಯಾಂತ್ರಿಕ ಲಾಕ್ ಬಂತು. 2023ರಲ್ಲಿ ಇಲ್ಲಿ ಬಿಡುಗಡೆಯಾದ ಮಾರುತಿ ಜಿಮ್ನಿಯಲ್ಲಿರುವುದು ಬ್ರೇಕ್ ಆಧಾರಿತ ವ್ಯವಸ್ಥೆ: ಗಿರಕಿ ಹೊಡೆಯುವ ಗಾಲಿಗೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ, ಆಗ ಬಲ ಇನ್ನೊಂದು ಕಡೆಗೂ ಹೋಗುತ್ತದೆ. ಈಚಿನ ಹಲವು ಕಾರುಗಳಲ್ಲಿ ಇದೇ ಉಪಾಯವಿದೆ. ಡಿಫರೆನ್ಶಿಯಲ್ ಮಾತ್ರ ಮಾಮೂಲಿಯದೇ.

ಬೇಕೇ ಬೇಕೆ?

ಹಣ ಕಟ್ಟುವ ಮೊದಲು ಕಾರನ್ನು ಒಂದು ದಿನ ಅಲೈನ್‌ಮೆಂಟ್ ಅಂಗಡಿಯಲ್ಲಿ ನಿಲ್ಲಿಸಿ. ಒಂಟಿ ಗಾಲಿ ಜಾರುತ್ತಿದೆ ಎಂದು ಬರುವ ಕಾರುಗಳಲ್ಲಿ ಟೈರು ಗಟ್ಟಿಯಾಗಿರುವುದು, ಎಂಜಿನ್ ಮೌಂಟಿಂಗ್ ಹರಿದಿರುವುದು, ಕಂಟ್ರೋಲ್ ಆರ್ಮ್ ಬುಷ್ ಸವೆದಿರುವುದು ತೀರ ಸಾಮಾನ್ಯ. ಐದಾರು ವರ್ಷ ಬಿಸಿಲಲ್ಲಿ ನಿಂತ ಟೈರಿಗೆ ಹೂವು ಎಷ್ಟೇ ಉಳಿದಿದ್ದರೂ ರಬ್ಬರಿನ ಮೆದುತನ ಹೋಗಿರುತ್ತದೆ. ಒಳ್ಳೆಯ ನಾಲ್ಕು ಟೈರು ಹಾಕಿದ ಮೇಲೂ ಒಳಗಾಲಿ ತಿರುಗಿದರೆ ಎಲ್‌ಎಸ್‌ಡಿ ಬಗ್ಗೆ ಯೋಚಿಸಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವ, ಎಂಜಿನ್ ಮುಟ್ಟದ ಕಾರಿಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ. ಆಟೊಕ್ರಾಸ್, ರ‍್ಯಾಲಿ, ಟ್ರ್ಯಾಕ್ ಡೇಗಳಿಗೆ ಹೋಗುವವರಿಗೆ, ಎಂಜಿನ್ ಬಲವನ್ನು ಸಾಕಷ್ಟು ಹೆಚ್ಚಿಸಿಕೊಂಡವರಿಗೆ, ಹಳೆಯ ಜಿಪ್ಸಿಯನ್ನು ಕಾಡುದಾರಿಗೆ ಇಳಿಸುವವರಿಗೆ ಇದು ನಿಜವಾದ ಉಪಯೋಗದ ವಸ್ತು. ಯಲ್ಲಾಪುರ ದಾಟಿ ಅಂಕೋಲೆಯತ್ತ ಇಳಿಯುವ ಅರಬೈಲ್ ಘಟ್ಟದ ಒದ್ದೆ ತಿರುವುಗಳಲ್ಲಿ ಏರುವಾಗ ಮುಂಗಾಲಿ ಎಳೆಯುವ ಕಾರಿಗೆ, ಮುಂದೆ ವಿವರಿಸುವ ಹೆಲಿಕಲ್ ಬಗೆಯ ಎಲ್‌ಎಸ್‌ಡಿ ಕೊಡುವ ಹಿಡಿತ ಯಾರಿಗಾದರೂ ಗೊತ್ತಾಗುವಂಥದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮಾಮೂಲಿ ಡಿಫರೆನ್ಶಿಯಲ್‌ನಲ್ಲಿ ಒಂದು ಗಾಲಿ ಜಾರುವಾಗ ಇನ್ನೊಂದು ನೆಲ ಹಿಡಿದಿರುತ್ತದೆ. ಕಾರು ದಾರಿ ಬಿಡುವುದಿಲ್ಲ. ಎಲ್‌ಎಸ್‌ಡಿ ಇದ್ದಾಗ ಎರಡೂ ಒಟ್ಟಿಗೆ ಜಾರಬಹುದು. ಮುಂಗಾಲಿ ಕಾರು ಆಗ ನೇರವಾಗಿ ಹೊರಕ್ಕೆ ಸರಿಯುತ್ತದೆ, ಹಿಂಗಾಲಿ ಕಾರಿನ ಬಾಲ ಬೀಸುತ್ತದೆ. ಮುಂಗಾಲಿ ಕಾರಿನಲ್ಲಿ ಜೋರಾಗಿ ಎಳೆಯುವಾಗ ಸ್ಟೀರಿಂಗ್ ಕೈಯಲ್ಲಿ ಅತ್ತಿತ್ತ ಜಗ್ಗುವುದೂ ಹೆಚ್ಚುತ್ತದೆ. ಮನೆಯಲ್ಲಿ ಬೇರೆಯವರೂ ಆ ಕಾರು ಓಡಿಸುವುದಾದರೆ ಅವರಿಗೆ ಇದನ್ನು ಕೂರಿಸಿ ತಿಳಿಸಿ.

ಮೂರು ಬಗೆ, ಒಂದರ ಮೇಲೆ ನನ್ನ ಮತ

ಹೆಲಿಕಲ್ ಬಗೆಯಲ್ಲಿ ಪೂರ್ತಿ ಡಿಫರೆನ್ಶಿಯಲ್ಲೇ ಬೇರೆ. ಒಳಗೆ ಓರೆ ಹಲ್ಲಿನ ಗೇರುಗಳು ಬಲ ಬಿದ್ದಾಗ ತಮ್ಮ ಕವಚಕ್ಕೆ ಒತ್ತಿಕೊಂಡು ಜಾರುವಿಕೆಯನ್ನು ತಡೆಯುತ್ತವೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದ ಟಾರ್ಸನ್, ಇಂಗ್ಲೆಂಡಿನ ಕ್ವೈಫ್ ಈ ಜಾತಿಯಲ್ಲಿ ಹೆಸರಾದವು. ಸವೆಯುವ ಪ್ಲೇಟ್ ಇಲ್ಲ, ಮಾಮೂಲಿ ಗೇರ್ ಆಯಿಲ್ ಸಾಕು, ರಸ್ತೆಯಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಒಂದೇ ಕುಂದು: ಒಂದು ಗಾಲಿ ಪೂರ್ತಿ ಗಾಳಿಗೆ ಎದ್ದರೆ ಸೊನ್ನೆಯ ಎರಡೂವರೆ ಪಟ್ಟೂ ಸೊನ್ನೆಯೇ. ಆಗ ಎಡಗಾಲಿನಿಂದ ಬ್ರೇಕನ್ನು ತುಸು ಮುಟ್ಟಿದರೆ ಎದ್ದ ಗಾಲಿಗೆ ತಡೆ ಸಿಕ್ಕಿ ಇನ್ನೊಂದಕ್ಕೆ ಬಲ ಹೋಗುತ್ತದೆ.

ಪ್ಲೇಟ್ ಬಗೆಯಲ್ಲಿ ಕ್ಲಚ್ಚಿನಂತೆ ಹಲವು ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಹಿಡಿಯುವುದು ಒನ್-ವೇ, ಕಾಲು ತೆಗೆದಾಗಲೂ ಅಷ್ಟೇ ಬಿಗಿಯಾಗಿ ಹಿಡಿಯುವುದು ಟೂ-ವೇ, ನಡುವಿನದು ಒಂದೂವರೆ. ಮುಂಗಾಲಿ ಕಾರಿಗೆ ಟೂ-ವೇ ಬೇಡ. ಬ್ರೇಕ್ ಹಾಕುತ್ತ ತಿರುವಿಗೆ ಇಳಿದಾಗ ಮೂಗು ತಿರುಗದೆ ಹಟ ಮಾಡುತ್ತದೆ. ಓಟಕ್ಕೆ ಇದು ಒಳ್ಳೆಯದು, ಏಕೆಂದರೆ ಪ್ಲೇಟಿನ ಸಂಖ್ಯೆ, ಜೋಡಣೆಯ ಕ್ರಮ ಬದಲಿಸಿ ಗುಣ ಬದಲಿಸಬಹುದು. ಆದರೆ ನಿಧಾನದ ತಿರುವಿನಲ್ಲಿ ಕಟಕಟ ಎನ್ನುತ್ತದೆ, ಪ್ಲೇಟು ಸವೆಯುತ್ತದೆ, ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಗ್ಗ, ಅದಕ್ಕೇ ಹೆಚ್ಚು ಆಸೆ ಹುಟ್ಟಿಸುವಂಥದು. ಹಳೆಯ ಡಿಫರೆನ್ಶಿಯಲ್ಲನ್ನೇ ಇಟ್ಟುಕೊಂಡು, ಅದರ ಎರಡು ಸೈಡ್ ಗೇರುಗಳ ನಡುವೆ ಎರಡು ಉಕ್ಕಿನ ಬ್ಲಾಕ್, ನಾಲ್ಕು ಗಟ್ಟಿ ಸ್ಪ್ರಿಂಗ್ ಸೇರಿಸುವುದು. ಕನ್ವರ್ಷನ್ ಕಿಟ್ ಎಂದು ಹೆಚ್ಚಾಗಿ ಮಾರುವುದು ಇದನ್ನೇ. ಸ್ಪ್ರಿಂಗು ಬ್ಲಾಕನ್ನು ಗೇರಿನ ಮುಖಕ್ಕೆ ಸದಾ ಒತ್ತಿರುತ್ತದೆ, ಆ ಉಜ್ಜಾಟವೇ ಜಾರುವಿಕೆಗೆ ತಡೆ. ಕೆಲಸ ಮಾಡುವುದಿಲ್ಲ ಎನ್ನಲಾರೆ. ಸಣ್ಣ ಶಕ್ತಿಯ ಆಟೊಕ್ರಾಸ್ ಕಾರಿನಲ್ಲಿ ಗುರುತಾಗುವಷ್ಟು ಫರಕು ಕೊಡುತ್ತದೆ. ಆದರೆ ಎಂಜಿನ್ ಬಲ ಹೆಚ್ಚಿದಂತೆ ಇದರ ತಡೆ ಹೆಚ್ಚುವುದಿಲ್ಲ, ಸ್ಪ್ರಿಂಗ್ ಎಷ್ಟೋ ಅಷ್ಟೇ. ಪೇಟೆಯ ಪ್ರತಿ ತಿರುವಿನಲ್ಲೂ, ಪಾರ್ಕಿಂಗಿನಲ್ಲೂ ಉಕ್ಕು ಉಕ್ಕಿಗೆ ಉಜ್ಜಿ, ಆ ಪುಡಿ ಗೇರ್‌ಬಾಕ್ಸಿನ ಎಣ್ಣೆಗೇ ಸೇರಿ ಬೇರಿಂಗಿಗೆ, ಗೇರು ಬದಲಿಸಲು ನೆರವಾಗುವ ಸಿಂಕ್ರೊ ರಿಂಗಿಗೆ ಹೋಗುತ್ತದೆ. ಸೈಡ್ ಗೇರಿನ ಬೆನ್ನು ಡಿಫರೆನ್ಶಿಯಲ್ ಹೌಸಿಂಗನ್ನು ಕೊರೆಯತೊಡಗುತ್ತದೆ. ದಿನವೂ ಓಡಿಸುವ ಕಾರಿಗೆ ಈ ಸ್ಪ್ರಿಂಗ್ ಕಿಟ್ ಹಾಕಿಸಬೇಡಿ ಎಂಬುದೇ ನನ್ನ ಮತ. ಗೇರ್‌ಬಾಕ್ಸ್ ಇಳಿಸುವ ಕೂಲಿ ಮೂರೂ ಬಗೆಗೆ ಒಂದೇ. ಅಷ್ಟು ಕೂಲಿ ಕೊಟ್ಟು ಒಳಗೆ ಅಗ್ಗದ ವಸ್ತು ಇಡುವುದರಲ್ಲಿ ಉಳಿತಾಯವಿಲ್ಲ. ಕೈಯಲ್ಲಿ ಈಗ ಹಣವಿಲ್ಲದಿದ್ದರೆ ಒಂದು ವರ್ಷ ಕಾದು ಹೆಲಿಕಲ್ ತನ್ನಿ.

ಆರ್ಡರ್ ಹಾಕುವ ಮೊದಲು

ಕಾರಿನ ಹೆಸರು ಹೇಳಿ ಕಿಟ್ ತರಿಸಬೇಡಿ, ಗೇರ್‌ಬಾಕ್ಸಿನ ಕೋಡ್ ಹೇಳಿ ತರಿಸಿ. ಒಂದೇ ಕಾರಿಗೆ ಪೆಟ್ರೋಲಿಗೊಂದು, ಡೀಸೆಲಿಗೊಂದು, ವರ್ಷಕ್ಕೊಂದು ಗೇರ್‌ಬಾಕ್ಸ್ ಇರುವುದುಂಟು. ಕೋಡ್ ಗೇರ್‌ಬಾಕ್ಸಿನ ಮೈಮೇಲೆ ಕೆತ್ತಿರುತ್ತದೆ ಅಥವಾ ಸ್ಟಿಕ್ಕರಿನಲ್ಲಿರುತ್ತದೆ. ಆಮೇಲೆ ಡ್ರೈವ್ ಶಾಫ್ಟಿನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಕ್ರೌನಿನ ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ವ್ಯಾಸ, ಬೇರಿಂಗ್ ನಂಬರ್ ಇಷ್ಟನ್ನೂ ಮಾರುವವರಿಂದ ಬರೆಸಿಕೊಳ್ಳಿ. ಎಬಿಎಸ್ ಅಥವಾ ಸ್ಪೀಡೊಮೀಟರಿನ ಹಲ್ಲುಚಕ್ರ ಡಿಫರೆನ್ಶಿಯಲ್ ಮೇಲೆಯೇ ಕೂತಿರುವ ಗೇರ್‌ಬಾಕ್ಸುಗಳೂ ಇವೆ. ಹೊಸ ಹೌಸಿಂಗಿನಲ್ಲಿ ಅದಕ್ಕೆ ಜಾಗವಿರಬೇಕು.

ಕಿಟ್ ಜತೆಗೆ ತರಬೇಕಾದವು: ಎರಡು ಹೊಸ ಸೈಡ್ ಬೇರಿಂಗ್, ಎರಡೂ ಆಕ್ಸಲ್ ಆಯಿಲ್ ಸೀಲ್, ಹೊಸ ಕ್ರೌನ್ ಬೋಲ್ಟ್‌ಗಳು, ಸಂದು ತುಂಬುವ ಹಲವು ದಪ್ಪದ ಬಿಲ್ಲೆ, ಅಂದರೆ ಶಿಮ್‌ಗಳ ಸೆಟ್, ಹೊಸ ಹಬ್ ನಟ್, ಎಣ್ಣೆ. ಹೇಗೂ ಗೇರ್‌ಬಾಕ್ಸ್ ಇಳಿಯುತ್ತದೆ; ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಸೀಲನ್ನು ನೋಡಿ, ಅರ್ಧ ಸವೆದಿದ್ದರೂ ಬದಲಿಸಿ. ಡ್ಯುಯಲ್ ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದವರು ಮಾತ್ರ ಈ ಕೆಲಸವನ್ನು ಇಲ್ಲಿಯ ಗ್ಯಾರೇಜಿಗೆ ವಹಿಸುವುದು ಬೇಡ. ಅದನ್ನು ಬಿಚ್ಚಿ ಕೂಡಿಸಲು ವಿಶೇಷ ಹತ್ಯಾರಗಳು ಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಕ್ಲಚ್ ಹೊಂದಾಣಿಕೆಯೂ ಆಗಬೇಕು.

ಗ್ಯಾರೇಜ್ ಆಯ್ಕೆಗೆ ನನ್ನದೊಂದು ಸರಳ ಪರೀಕ್ಷೆ. ಡಯಲ್ ಗೇಜ್ ತೋರಿಸಿ ಎನ್ನಿ. ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಕೂಡಿಸಿದ, ಮಿಲಿಮೀಟರಿನ ನೂರನೇ ಒಂದು ಭಾಗ ಓದುವ ಗೇಜು ಪೆಟ್ಟಿಗೆಯಿಂದ ಹೊರಬಂದರೆ ಮಾತು ಮುಂದುವರಿಸಿ. “ಕೈಯಾಗ ಗೊತ್ತಾಗತೈತ್ರೀ” ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಬನ್ನಿ. ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳ ಸುತ್ತ ಲೇಥ್, ಹೈಡ್ರಾಲಿಕ್ ಪ್ರೆಸ್ ಇರುವ ಅಂಗಡಿಗಳಿವೆ. ಬೇರಿಂಗ್ ಒತ್ತಲು ಸುತ್ತಿಗೆ ಹಿಡಿಯಬೇಕಾದ ಗತಿ ಈ ಊರಿನವರಿಗಿಲ್ಲ.

ಕೂಡಿಸುವ ಹೊತ್ತು

ಮೊದಲು ಬ್ಯಾಟರಿ ಬಿಚ್ಚಿ, ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರ್ ಎಣ್ಣೆ ಇಳಿಸುವುದು. ಡ್ರೇನ್ ಬೋಲ್ಟಿನ ಅಯಸ್ಕಾಂತವನ್ನು ನೀವೇ ನೋಡಿ. ಬೂದು ಬಣ್ಣದ ನುಣ್ಣನೆಯ ಹಿಟ್ಟು ಸಹಜ. ಚೂರು, ಹಲ್ಲಿನ ತುಣುಕು ಕಂಡರೆ ಗೇರ್‌ಬಾಕ್ಸಿಗೆ ಬೇರೆ ರೋಗವಿದೆ, ಅದನ್ನು ಬಿಟ್ಟು ಎಲ್‌ಎಸ್‌ಡಿ ಹಾಕುವುದು ವ್ಯರ್ಥ. ಡ್ರೈವ್ ಶಾಫ್ಟ್ ಎಳೆದು, ಎಂಜಿನ್ನಿಗೆ ಆಧಾರ ಕೊಟ್ಟು ಗೇರ್‌ಬಾಕ್ಸ್ ಇಳಿಸುವುದು ಕ್ಲಚ್ ಕೆಲಸ ಬಲ್ಲ ಯಾವ ಮಿಸ್ತ್ರಿಗೂ ಗೊತ್ತು, ಅದನ್ನು ವಿವರಿಸುವುದಿಲ್ಲ.

ಗೇರ್‌ಬಾಕ್ಸ್ ಹೊಟ್ಟೆ ತೆರೆದ ಮೇಲೆ ಅವಸರ ಮಾಡಬಾರದು. ಹಳೆಯ ಡಿಫರೆನ್ಶಿಯಲ್ ತೆಗೆಯುವ ಮುನ್ನ ಅದರ ಬೇರಿಂಗ್ ಬಿಗಿ ಎಷ್ಟಿದೆ, ಯಾವ ಕಡೆ ಎಷ್ಟು ದಪ್ಪದ ಶಿಮ್ ಇದೆ ಎಂದು ಬರೆದಿಡಬೇಕು, ಫೋಟೊ ತೆಗೆಯಬೇಕು. ಆಮೇಲೆ ಕ್ರೌನ್ ಬಿಚ್ಚುವುದು. ಹೋಂಡಾದ ಹಲವು ಮ್ಯಾನುಯಲ್ ಗೇರ್‌ಬಾಕ್ಸುಗಳಲ್ಲಿ ಕ್ರೌನಿನ ಬೋಲ್ಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಇದು ತಿಳಿಯದೆ ಉದ್ದದ ಪೈಪ್ ಹಾಕಿ ಎಳೆದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ. ಫೋಕ್ಸ್‌ವ್ಯಾಗನ್ನಿನ ಕೆಲವು ಗೇರ್‌ಬಾಕ್ಸುಗಳಲ್ಲಿ ಬೋಲ್ಟೇ ಇಲ್ಲ, ರಿವೆಟ್ ಹೊಡೆದಿರುತ್ತಾರೆ. ಅವುಗಳ ತಲೆಯನ್ನು ನಡುಮಧ್ಯಕ್ಕೆ ಡ್ರಿಲ್ ಮಾಡಿ ಹೊರಹಾಕಿ, ಮುಂದೆ ಬೋಲ್ಟ್ ಹಾಕಬೇಕು. ಡ್ರಿಲ್ ಓರೆಯಾಗಿ ಕ್ರೌನಿನ ತೂತು ದೊಡ್ಡದಾದರೆ ಆ ಕ್ರೌನ್ ಗುಜರಿಗೆ. ಡ್ರಿಲ್ ಪ್ರೆಸ್ ಇಲ್ಲದ ಕಡೆ ಈ ಕೆಲಸ ಮಾಡಿಸಬೇಡಿ.

ಹೊಸ ಹೌಸಿಂಗ್ ಮೇಲೆ ಕ್ರೌನ್ ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ, ಉಗುರಿನಿಂದ ಸವರಿ ನೋಡಬೇಕು. ಅಲ್ಲಿ ಒಂದು ಚೂರು ಉಳಿದರೂ ಕ್ರೌನ್ ಓಲಾಡುತ್ತದೆ. ಬಿಗಿಯಾಗಿ ಕೂರುವ ಕ್ರೌನನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಇಳಿಸಬಹುದು. ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿದರೆ ಹಲ್ಲಿನ ಹದ ಕೆಡುತ್ತದೆ, ಓವನ್ ಅಥವಾ ಹಾಟ್ ಪ್ಲೇಟ್ ಇರಲಿ. ಬೋಲ್ಟ್‌ಗಳಿಗೆ ಥ್ರೆಡ್ ಲಾಕ್ ಹಚ್ಚಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಈಗ ಶಿಮ್. ಟೇಪರ್ ರೋಲರ್ ಬೇರಿಂಗ್ ಇರುವ ಗೇರ್‌ಬಾಕ್ಸಿನಲ್ಲಿ ಹೊಸ ಡಿಫರೆನ್ಶಿಯಲ್ಲನ್ನು ತೆಳು ಶಿಮ್ ಹಾಕಿ ಕೂರಿಸಿ, ಕೇಸನ್ನು ಪೂರ್ತಿ ಬಿಗಿದು, ಡಯಲ್ ಗೇಜ್ ಇಟ್ಟು ಡಿಫರೆನ್ಶಿಯಲ್ಲನ್ನು ಮೇಲೆ ಕೆಳಗೆ ಎತ್ತಿ ಪ್ಲೇ, ಅಂದರೆ ಸಡಿಲ, ಅಳೆಯುತ್ತಾರೆ. ತೆಳು ಶಿಮ್ 0.60 ಮಿ.ಮೀ., ಅಳೆದ ಪ್ಲೇ 0.25, ಕಂಪನಿ ಹೇಳುವ ಬೇರಿಂಗ್ ಬಿಗಿ, ಅಂದರೆ ಪ್ರೀಲೋಡ್, 0.15 ಎಂದಾದರೆ ಹಾಕಬೇಕಾದ ಶಿಮ್ ಮೂರನ್ನೂ ಕೂಡಿದ 1.00 ಮಿ.ಮೀ. ಇದು ಲೆಕ್ಕದ ರೀತಿ ತಿಳಿಯಲೆಂದು ಕೊಟ್ಟ ಅಂಕಿ; ನಿಮ್ಮ ಗೇರ್‌ಬಾಕ್ಸಿನದು ಅದರ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಬಿಗಿ ಕಡಿಮೆಯಾದರೆ ಕ್ರೌನ್ ಸರಿದಾಡಿ ಗೊಂಯ್ ಎನ್ನುತ್ತದೆ. ಹೆಚ್ಚಾದರೆ ಬೇರಿಂಗ್ ಕಾದು ಕೆಲವೇ ಸಾವಿರ ಕಿಲೋಮೀಟರಿಗೆ ಕೈಕೊಡುತ್ತದೆ. ಬಾಲ್ ಬೇರಿಂಗ್ ಇರುವ ಗೇರ್‌ಬಾಕ್ಸುಗಳಲ್ಲಿ ಪ್ರೀಲೋಡ್ ಇರುವುದಿಲ್ಲ, ಬೇರಿಂಗಿನ ಹಿಂದೆ ಎಷ್ಟು ಸಂದು ಬಿಡಬೇಕು ಎಂಬ ಲೆಕ್ಕವಿರುತ್ತದೆ. ಹಳೆಯ ಶಿಮ್ಮನ್ನೇ ಮತ್ತೆ ಹಾಕಿ ಮುಗಿಸುವವರು ಬಹಳ. ಹೊಸ ಹೌಸಿಂಗ್, ಹೊಸ ಬೇರಿಂಗ್ ಬಂದ ಮೇಲೆ ಹಳೆಯ ಶಿಮ್ ಸರಿಹೊಂದಿದರೆ ಅದು ಅದೃಷ್ಟ. ನಿಮ್ಮ ಮಿಸ್ತ್ರಿಗೆ ಒಂದೇ ಮಾತು ಹೇಳಿ: “ಎಷ್ಟು ಪ್ಲೇ ಬಂತು, ಎಷ್ಟರ ಶಿಮ್ ಹಾಕಿದ್ರಿ, ಬಿಲ್ಲಿನ ಹಿಂದ ಬರದು ಕೊಡ್ರೀ.” ಬರೆದು ಕೊಡಬೇಕಾದವನು ಅಳೆದೇ ಅಳೆಯುತ್ತಾನೆ.

ಜಿಪ್ಸಿ, ಬೊಲೆರೊ, ಹಳೆಯ ಥಾರ್‌ನಂಥ ಹಿಂದಿನ ಆಕ್ಸಲ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸುವ ಕಷ್ಟವಿಲ್ಲ. ಆಕ್ಸಲ್ ಶಾಫ್ಟ್ ಎಳೆದರೆ ಡಿಫರೆನ್ಶಿಯಲ್ ಹೊರಬರುತ್ತದೆ. ಆದರೆ ಇಲ್ಲಿ ಕ್ರೌನಿಗೂ ಪಿನಿಯನ್ನಿಗೂ ಅಡ್ಡ ಜೋಡಿ ಇರುವುದರಿಂದ ಅಳತೆ ಇನ್ನೂ ಸೂಕ್ಷ್ಮ. ಹಲ್ಲು ಹಲ್ಲಿನ ನಡುವಿನ ಸಂದು, ಅಂದರೆ ಬ್ಯಾಕ್‌ಲ್ಯಾಶ್, ಸಣ್ಣ ಗಾಡಿಗಳಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು ಹಿಡಿದ ಮೇಲೆ ಕೆಲವು ಹಲ್ಲುಗಳಿಗೆ ಮಾರ್ಕಿಂಗ್ ಬ್ಲೂ ಹಚ್ಚಿ, ಕ್ರೌನನ್ನು ಕೈಯಿಂದ ಬ್ರೇಕ್ ಮಾಡುತ್ತ ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ನೋಡಬೇಕು. ಗುರುತು ತುದಿಗೆ ಅಥವಾ ಬುಡಕ್ಕೆ ಸರಿದಿದ್ದರೆ ಶಿಮ್ ಬದಲಿಸಿ ಮತ್ತೆ ಮೊದಲಿಂದ. ಟ್ರ್ಯಾಕ್ಟರ್, ಲಾರಿ ಮಿಸ್ತ್ರಿಗಳು ವರ್ಷಗಟ್ಟಲೆ ಮಾಡಿದ ಕೆಲಸ ಇದೇ. ಅವರಿಗೆ ಎಲ್‌ಎಸ್‌ಡಿ ಹೆಸರು ಹೊಸದಿರಬಹುದು, ಹಲ್ಲಿನ ಮೇಲಿನ ಗುರುತು ಓದುವುದು ಹೊಸದಲ್ಲ.

ಎಣ್ಣೆ

ಗೇರು ಮತ್ತು ಡಿಫರೆನ್ಶಿಯಲ್ ಒಂದೇ ಎಣ್ಣೆಯಲ್ಲಿ ಮುಳುಗಿರುವ ಮುಂಗಾಲಿ ಕಾರುಗಳಲ್ಲಿ ಸಿಂಕ್ರೊ ರಿಂಗುಗಳು ಹೆಚ್ಚಾಗಿ ಹಿತ್ತಾಳೆಯವು. ಅವಕ್ಕೆ ಕಂಪನಿ ಹೇಳುವುದು ಜಿಎಲ್-4 ದರ್ಜೆಯ ಎಣ್ಣೆ. ಆಕ್ಸಲ್‌ಗೆ ಹಾಕುವ ಜಿಎಲ್-5ರ ಕೆಲವು ಎಣ್ಣೆಗಳಲ್ಲಿರುವ ಗಂಧಕದ ರಾಸಾಯನಿಕ ಹಿತ್ತಾಳೆಯನ್ನು ತಿನ್ನುತ್ತದೆ; ಜತೆಗೆ ಅತಿ ಜಾರು ಇದ್ದರೆ ಸಿಂಕ್ರೊ ಹಿಡಿಯದೆ ಗೇರು ಕರಕರ ಎನ್ನುತ್ತದೆ. ಹೆಲಿಕಲ್ ಎಲ್‌ಎಸ್‌ಡಿಗೆ ಕಂಪನಿ ಹೇಳಿದ ಎಣ್ಣೆಯೇ ಸಾಕು, ಏನನ್ನೂ ಬೆರೆಸಬೇಡಿ. ಪ್ಲೇಟ್ ಬಗೆಗೆ ಮಾತ್ರ ಕಿಟ್ ತಯಾರಕರು ಹೇಳಿದ, ಸಿಂಕ್ರೊಗೂ ಒಗ್ಗುವ ಎಲ್‌ಎಸ್‌ಡಿ ಎಣ್ಣೆ ಬೇಕು. ಹಿಂದಿನ ಆಕ್ಸಲ್‌ನಲ್ಲಿ ಎಲ್‌ಎಸ್‌ಡಿ ದರ್ಜೆಯ ಜಿಎಲ್-5 ಹಾಕಬಹುದು, ಅಲ್ಲಿ ಹಿತ್ತಾಳೆಯ ಚಿಂತೆಯಿಲ್ಲ.

ಮೊದಲ ಪರೀಕ್ಷೆ, ಮತ್ತು ಜೀವದ ಮಾತು

ಕಾರು ನೆಲಕ್ಕಿಳಿಯುವ ಮೊದಲು ಎಂಜಿನ್ ನಿಲ್ಲಿಸಿ, ಎರಡೂ ಡ್ರೈವ್ ಗಾಲಿ ಮೇಲಿರುವಾಗ ಗೇರ್ ಹಾಕಿ ಒಂದು ಗಾಲಿಯನ್ನು ಕೈಯಿಂದ ತಿರುಗಿಸಿ. ಪ್ಲೇಟ್ ಅಥವಾ ಸ್ಪ್ರಿಂಗ್ ಬಗೆಯಾದರೆ ಗಟ್ಟಿಯಾಗಿ ತಡೆಯುತ್ತದೆ. ತನ್ನೊಳಗೆ ಪ್ರೀಲೋಡ್ ಇಲ್ಲದ ಹೆಲಿಕಲ್ ಆದರೆ ಮಾಮೂಲಿಯಂತೆ ಒಂದು ಗಾಲಿ ಮುಂದೆ, ಇನ್ನೊಂದು ಹಿಂದೆ ತಿರುಗುತ್ತದೆ. ಇದನ್ನು ನೋಡಿ ಮೋಸ ಹೋದೆವೆಂದು ಜಗಳಕ್ಕಿಳಿಯಬೇಡಿ, ಅದು ಬಲ ಬಿದ್ದಾಗ ಮಾತ್ರ ಹಿಡಿಯುವ ಜಾತಿ. ಪ್ಲೇಟ್ ಬಗೆಯಲ್ಲಿ ಒಂದು ಗಾಲಿ ನೆಲದ ಮೇಲೆ, ಒಂದು ಮೇಲೆ, ಗೇರ್ ನ್ಯೂಟ್ರಲ್ ಇಟ್ಟು, ಮೇಲಿನ ಗಾಲಿಯ ಹಬ್ ನಟ್ಟಿಗೆ ಟಾರ್ಕ್ ರೆಂಚ್ ಹಾಕಿ, ನಟ್ಟು ಬಿಗಿಯುವ ದಿಕ್ಕಿನಲ್ಲೇ ತಿರುಗಿಸಿದರೆ ಎಷ್ಟಕ್ಕೆ ಗಾಲಿ ಕದಲಿತು ಎಂಬ ಅಂಕಿ ಸಿಗುತ್ತದೆ. ಅದನ್ನು ಕಿಟ್ ಕಾಗದದ ಅಂಕಿಗೆ ಹೋಲಿಸಿ ಬರೆದಿಡಿ. ಮುಂದೆ ಸವೆತ ತಿಳಿಯುವುದು ಇದರಿಂದಲೇ.

ಇನ್ನೊಂದು ಮಾತನ್ನು ಗ್ಯಾರೇಜಿನ ಎಲ್ಲ ಹುಡುಗರಿಗೂ ಹೇಳಲೇಬೇಕು. ಎಲ್‌ಎಸ್‌ಡಿ ಇರುವ ಕಾರಿನ ಒಂದೇ ಡ್ರೈವ್ ಗಾಲಿಯನ್ನು ಜ್ಯಾಕ್ ಮೇಲೆತ್ತಿ, ಎಂಜಿನ್ ಓಡಿಸಿ ಗೇರ್ ಹಾಕಬಾರದು. ಮಾಮೂಲಿ ಕಾರಿನಲ್ಲಿ ಎದ್ದ ಗಾಲಿ ಮಾತ್ರ ತಿರುಗುತ್ತದೆ. ಇಲ್ಲಿ ನೆಲದ ಗಾಲಿಯೂ ಎಳೆದು ಕಾರು ಜ್ಯಾಕಿನಿಂದ ಹಾರುತ್ತದೆ. ಕೆಳಗೆ ಯಾರಾದರೂ ಇದ್ದರೆ ಅನಾಹುತ. ಸ್ಟೀರಿಂಗಿನ ಬಳಿ ದೊಡ್ಡ ಅಕ್ಷರದ ಚೀಟಿ ಅಂಟಿಸಿ, ಸರ್ವಿಸ್‌ಗೆ ಬಿಡುವಾಗಲೆಲ್ಲ ಬಾಯಲ್ಲೂ ಹೇಳಿ.

ಪ್ಲೇಟ್ ಬಗೆಯನ್ನು ಪಳಗಿಸಲು ಖಾಲಿ ಬಯಲಿನಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಬೇಕು, ನಡುನಡುವೆ ತಣಿಯಲು ಬಿಡಬೇಕು. ಅದಕ್ಕೆ ಸ್ವಂತ ಜಾಗ ಅಥವಾ ಒಪ್ಪಿಗೆ ಪಡೆದ ಖಾಸಗಿ ಮೈದಾನ ನೋಡಿ. ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸುಗಳಿಗೇ ಮೀಸಲಾದ ಪಥವನ್ನು ರಾತ್ರಿ ಹೊತ್ತು ಖಾಲಿ ಕಂಡಿತೆಂದು ಬಳಸಬೇಡಿ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಅಂತೂ ಬೇಡವೇ ಬೇಡ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ, ಗೋವಾ ಪ್ರವಾಸಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಅಪಘಾತದಲ್ಲಿ ಪ್ರಾಣ ಬಿಟ್ಟದ್ದು ಅದೇ ಬೈಪಾಸಿನಲ್ಲಿ. ಕಾರಿನ ಹೊಸ ಗುಣ ಕಲಿಯಲು ಅನ್ಯರ ಜೀವವಿರುವ ರಸ್ತೆ ಜಾಗವಲ್ಲ. ಎರಡೂ ಗಾಲಿ ಸದಾ ಬಿಗಿದಿದ್ದರೆ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯುವ ಆಸೆಯಿದ್ದರೆ ಕಾರ್ಟಿಂಗ್ ಟ್ರ್ಯಾಕಿಗೆ ಹೋಗಿ. ಕಾರ್ಟಿಗೆ ಡಿಫರೆನ್ಶಿಯಲ್ಲೇ ಇಲ್ಲ, ಹಿಂದೆ ಒಂದೇ ಗಟ್ಟಿ ದಂಡ. ನಮಗೆ ಅದೇ ಪಿ.ಬಿ. ರಸ್ತೆಯ ಮೇಲಿನ ಕೊಲ್ಹಾಪುರದ ಕಾರ್ಟಿಂಗ್ ಟ್ರ್ಯಾಕ್ ಹತ್ತಿರ. ಕಾರನ್ನೇ ಒಯ್ಯುವುದಾದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಬಳಿಯ ಇರುಂಗಾಟ್ಟುಕೋಟೆ ಟ್ರ್ಯಾಕ್ ಇವೆ. ಸ್ಪರ್ಧೆಗೆ ಇಳಿಯುವವರು ದೇಶದ ಮೋಟಾರ್ ಕ್ರೀಡೆಯ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಪಡೆಯಬೇಕು, ನಿಮ್ಮ ವರ್ಗದ ನಿಯಮದಲ್ಲಿ ಎಲ್‌ಎಸ್‌ಡಿಗೆ ಅವಕಾಶವಿದೆಯೇ ಎಂದು ಕಿಟ್ ಕೊಳ್ಳುವ ಮೊದಲೇ ಓದಬೇಕು.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಬದಲಾವಣೆಗೆ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಹೇಳುತ್ತದೆ. ಡಿಫರೆನ್ಶಿಯಲ್ ವಿವರ ಆರ್‌ಸಿಯಲ್ಲಿ ಬರುವುದಿಲ್ಲ. ಹಾಗೆಂದು ಮಾತು ಅಲ್ಲಿಗೇ ಮುಗಿಯಿತು ಎಂದುಕೊಳ್ಳದೆ ಧಾರವಾಡದ ಕೆಎ-25 ಆಗಲಿ ಹುಬ್ಬಳ್ಳಿಯ ಕೆಎ-63 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರ ಇಟ್ಟುಕೊಳ್ಳಿ. ಮುಚ್ಚಿಟ್ಟ ಬದಲಾವಣೆ ಕ್ಲೇಮಿನ ಹೊತ್ತಿಗೆ ಸರ್ವೇಯರ್ ಕಣ್ಣಿಗೆ ಬಿದ್ದರೆ ನಷ್ಟ ನಿಮ್ಮದೇ. ವಾರಂಟಿ ಇರುವ ಕಾರಿನ ಗೇರ್‌ಬಾಕ್ಸ್ ತೆರೆದರೆ ಆ ಭಾಗದ ವಾರಂಟಿಯ ಆಸೆ ಬಿಡಿ.

ಇನ್ನು ಪಾಲನೆ. ಡ್ರೈವ್ ಗಾಲಿಗಳೆರಡಕ್ಕೂ ಒಂದೇ ಕಂಪನಿಯ, ಒಂದೇ ಸವೆತದ ಟೈರು ಇರಲಿ, ಗಾಳಿಯೂ ಸಮನಾಗಿರಲಿ. ಒಂದು ದೊಡ್ಡ, ಒಂದು ಸಣ್ಣ ಇದ್ದರೆ ನೇರ ರಸ್ತೆಯಲ್ಲೂ ಡಿಫರೆನ್ಶಿಯಲ್ ಉಜ್ಜುತ್ತಲೇ ಇರುತ್ತದೆ. ಸಣ್ಣ ಅಳತೆಯ ಸ್ಟೆಪ್ನಿಯನ್ನು ಡ್ರೈವ್ ಗಾಲಿಗೆ ಹಾಕಬೇಡಿ. ಮುಂಗಾಲಿ ಕಾರಿನಲ್ಲಿ ಮುಂದೆ ಪಂಕ್ಚರ್ ಆದರೆ ಹಿಂದಿನದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಿ. ಮೊದಲ 1,000 ಕಿಲೋಮೀಟರಿಗೆ ಎಣ್ಣೆ ಇಳಿಸಿ, ಅಯಸ್ಕಾಂತ ನೋಡಿ, ಹೊಸ ಎಣ್ಣೆ ಹಾಕಿಸಿ. ಆಗಲೇ ಸೀಲು ಸೋರುತ್ತಿದೆಯೇ, ಶಾಫ್ಟಿನ ಬೂಟು ಹರಿದಿದೆಯೇ ನೋಡಿಕೊಳ್ಳಿ. ಶಿಮ್ ದಪ್ಪ, ಪ್ಲೇ, ಟಾರ್ಕ್ ಅಂಕಿ ಬರೆದ ಆ ಬಿಲ್ಲನ್ನು ಆರ್‌ಸಿ ಜತೆ ಕಾರಿನಲ್ಲೇ ಇಡಿ. ಮುಂದೆ ಗೇರ್‌ಬಾಕ್ಸ್ ಬಿಚ್ಚುವ ಮಿಸ್ತ್ರಿ ಮೊದಲು ಕೇಳಬೇಕಾದದ್ದು ಅದನ್ನೇ.